ನಿಂತ ಕಾರಿಗೇ ರೋಗ ಹೆಚ್ಚು

ಆನೆ ಕೊಳ್ಳುವುದಕ್ಕಿಂತ ಅದನ್ನು ಸಾಕುವುದು ಕಷ್ಟ ಎಂಬ ಮಾತಿದೆ. ಸ್ಪೋರ್ಟ್ಸ್ ಕಾರಿನ ಮಟ್ಟಿಗೂ ಈ ಮಾತು ನಿಜ. ನೋಡುವವರಿಗೆ ಅದರ ಹೊಳಪು ಕಾಣುತ್ತದೆ, ಸದ್ದು ಕೇಳುತ್ತದೆ. ಇಟ್ಟುಕೊಂಡವರಿಗೆ ಗೊತ್ತಿರುವುದು ಅದರ ಊಟ, ನಿದ್ದೆ, ಜ್ವರ, ನೆಗಡಿ.

ಹುಬ್ಬಳ್ಳಿಯ ಬೆಂಗೇರಿಯಂಥ ಬಡಾವಣೆಯಲ್ಲಿ ಇಂಥ ಕಾರೊಂದು ಇದ್ದರೆ ಅದರ ಪಾಡು ಸಾಮಾನ್ಯವಾಗಿ ಹೀಗಿರುತ್ತದೆ: ವರ್ಷವಿಡೀ ಹೊದಿಕೆಯೊಳಗೆ ವಾಸ, ಖಂಡೇನವಮಿಗೆ ಸ್ನಾನ, ಮಾಲೆ, ಕುಂಬಳಕಾಯಿ. ಮತ್ತೆ ಹೊದಿಕೆ. ಓಡಿಸಿದರೆ ಸವೆಯುತ್ತದೆ, ಇಟ್ಟರೆ ಉಳಿಯುತ್ತದೆ ಎಂಬುದು ಮಾಲೀಕನ ನಂಬಿಕೆ. ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಹೇಳುವುದು ಇದಕ್ಕೆ ವಿರುದ್ಧ. ಕಾರು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು.

ಕನ್ನಡ ನಾಡಿನ ಸ್ಪೋರ್ಟ್ಸ್ ಕಾರು

ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಇಟಲಿಯ ಹೆಸರುಗಳು ನೆನಪಾಗುತ್ತವೆ. ಲ್ಯಾಂಬೋರ್ಗಿನಿ ಎಂಬ ಹೆಸರು ಮೊದಲು ಮೂಡಿದ್ದು ಟ್ರ್ಯಾಕ್ಟರಿನ ಮೇಲೆ ಎಂಬುದನ್ನು ಕೇಳಿದರೆ ನಮ್ಮ ರೈತರಿಗೆ ಸಂತೋಷವಾದೀತು. ಫೆರುಚ್ಚೊ ಲ್ಯಾಂಬೋರ್ಗಿನಿ 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಕಾರಿನ ಕಂಪನಿ ಹುಟ್ಟಿದ್ದು 1963ರಲ್ಲಿ.

ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಗ್ಲಾಸ್ ಮೈ, ಕಡಿಮೆ ತೂಕ. ಸಂಸಾರಸ್ಥರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲವಾದರೂ ರ‍್ಯಾಲಿ ಚಾಲಕರು ಮೆಚ್ಚಿದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನದೇ ಆದ ಸ್ಯಾನ್ ಮೋಟಾರ್ಸ್ ‘ಸ್ಟಾರ್ಮ್’ ಎಂಬ ಕಾರನ್ನು ತಂದಿತು. ಎರಡೇ ಆಸನ, ತೆಗೆಯಬಹುದಾದ ಛಾವಣಿ, ಫೈಬರ್ ಗ್ಲಾಸ್ ಮೈ, ಫ್ರಾನ್ಸಿನ ರೆನೊ ಕಂಪನಿಯ 1149 ಸಿ.ಸಿ. ಎಂಜಿನ್. ಶಕ್ತಿ ಸುಮಾರು 60 ಅಶ್ವಶಕ್ತಿ ಮಾತ್ರ. ಆದರೂ ನೆಲಕ್ಕೆ ಹತ್ತಿರ ಕುಳಿತು, ತಲೆಯ ಮೇಲೆ ಆಕಾಶವಿಟ್ಟುಕೊಂಡು ಓಡಿಸುವ ಸುಖವನ್ನು ಅದು ಕೊಟ್ಟಿತು.

ತಯಾರಾದದ್ದು ಸ್ವಲ್ಪವೇ. ಈಗ ಅದು ಅಪರೂಪದ ಪ್ರಾಣಿ. ಅದರ ಮಾಲೀಕನ ಕಷ್ಟವೂ ಫೆರಾರಿ ಮಾಲೀಕನ ಕಷ್ಟವೂ ಜಾತಿಯಲ್ಲಿ ಒಂದೇ: ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಬಲ್ಲ ಮೆಕ್ಯಾನಿಕ್ ಪಕ್ಕದ ಬೀದಿಯಲ್ಲಿಲ್ಲ. ಒಂದು ಸಮಾಧಾನವೆಂದರೆ, ಇದೇ ಎಂಜಿನ್ ಯುರೋಪಿನಲ್ಲಿ ಕ್ಲಿಯೊ, ಟ್ವಿಂಗೊ ಕಾರುಗಳಲ್ಲಿ ಲಕ್ಷಗಟ್ಟಲೆ ಓಡಿದೆ. ಬಿಡಿಭಾಗದ ಮೇಲೆ ಅಚ್ಚಾದ ಸಂಖ್ಯೆಯನ್ನು ಬರೆದಿಟ್ಟುಕೊಂಡವನಿಗೆ ಅಲ್ಲಿಂದ ಸಾಮಾನು ತರಿಸಲು ದಾರಿಯಿದೆ.

ನಿಂತಾಗ ಏನಾಗುತ್ತದೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಪೆಟ್ರೋಲಿನೊಳಗಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡುವುದೇ ಇದಕ್ಕೆ ಕಾರಣ. ಬಹುಪಾಲು ನೀರು ಆವಿಯಾಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ಉಂಗುರಗಳ ಸಂದಿನಿಂದ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಅಲ್ಲಿಯೇ ಉಳಿದು, ಹೊಗೆಯ ಆಮ್ಲಗಳೊಡನೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ.

ವಾರಕ್ಕೊಮ್ಮೆ ಮನೆಯ ಮುಂದೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದು ಹಲವರ ಅಭ್ಯಾಸ. ಇದು ಔಷಧವಲ್ಲ, ರೋಗವೇ. ನೀರಿನ ಉಷ್ಣತೆಯ ಮುಳ್ಳು ಬೇಗ ಮೇಲೇರಿದರೂ ಆಯಿಲ್ ಕಾಯಲು ಇನ್ನೂ ಬಹಳ ಹೊತ್ತು ಬೇಕು. ಬೆಂಗೇರಿಯಿಂದ ಕೇಶ್ವಾಪುರದವರೆಗೆ ಹೋಗಿಬಂದರೂ ಸಾಲದು. ಧಾರವಾಡದವರೆಗಿನ ಸುಮಾರು 20 ಕಿ.ಮೀ. ಹೋಗಿ ಬಂದರೆ ಎಂಜಿನ್ ಒಳಗಿನ ತೇವ ಆರುತ್ತದೆ, ಬ್ಯಾಟರಿಯೂ ತುಂಬಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಇಂಥ ಓಟ ಬೇಕು.

ಬ್ಯಾಟರಿಯ ಕಥೆಯೂ ಇದೇ. ಪೂರ್ತಿ ತುಂಬಿದ ಸೀಸ-ಆಮ್ಲ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಅದು 12ಕ್ಕೆ ಇಳಿದು ವಾರಗಟ್ಟಲೆ ಹಾಗೆಯೇ ಇದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಸವೆಯದೆ ಹೊಸದರಂತೆ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ವೇಗದಲ್ಲಿರುವಾಗ ಅಂಥ ಟೈರು ಸಿಡಿದರೆ ಹೋಗುವುದು ಕಾರು ಮಾತ್ರವಲ್ಲ.

ಪೆಟ್ರೋಲಿನಲ್ಲಿಯೂ ಒಂದು ಹೊಸ ತೊಡಕು ಬಂದಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ತುಂಬ ಹರಡಿತು. ಕಬ್ಬಿನ ರೈತನಿಗೆ ಇದರಿಂದ ಉಪಯೋಗ ಉಂಟು. ಆದರೆ ಹಳೆಯ ಕಾರಿನ ರಬ್ಬರ್ ಕೊಳವೆ, ಸೀಲುಗಳು ಎಥನಾಲ್‌ಗಾಗಿ ತಯಾರಾದವಲ್ಲ. ಉಬ್ಬಿ, ಬಿರಿದು, ಸೋರುತ್ತವೆ. ಜೊತೆಗೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಆದ್ದರಿಂದ ಇಂಧನದ ಕೊಳವೆಗಳನ್ನೆಲ್ಲ ಎಥನಾಲ್ ತಾಳುವ ಹೊಸ ಕೊಳವೆಗಳಿಗೆ ಬದಲಿಸುವುದು ಮೊದಲ ಖರ್ಚಾಗಬೇಕು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಚೆನ್ನಾಗಿ ಉರಿಯುತ್ತದೆ.

ಬೆಲ್ಟಿನ ಮೇಲೆ ನಿಂತ ಜೀವ

ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವುಗಳ ಓಟವನ್ನು ತಾಳಕ್ಕೆ ಸರಿಯಾಗಿ ಹೊಂದಿಸುವುದು ಹಲ್ಲುಳ್ಳ ಒಂದು ರಬ್ಬರ್ ಬೆಲ್ಟ್. ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವು ಕೆಳಗಿರುವಾಗಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಒಂದು ಕ್ಷಣದಲ್ಲಿ ಎಂಜಿನ್ ಗುಜರಿ.

1994ರಲ್ಲಿ ಬಂದ ಫೆರಾರಿ 355 ಕಾರಿನಲ್ಲಿ ಈ ಬೆಲ್ಟ್ ಬದಲಿಸಲು ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕಿತ್ತು. ಅದರ ನಂತರ 1999ರಲ್ಲಿ ಬಂದ 360 ಮೊಡೆನಾದಲ್ಲಿ ಆಸನಗಳ ಹಿಂದೊಂದು ಮುಚ್ಚಳ ಕೊಟ್ಟು ಆ ಕಷ್ಟ ತಪ್ಪಿಸಿದರು. ಕಿ.ಮೀ. ಎಷ್ಟೇ ಕಡಿಮೆಯಿರಲಿ, ಕೆಲವು ವರ್ಷಗಳಿಗೊಮ್ಮೆ ಬೆಲ್ಟ್ ಬದಲಿಸಲೇಬೇಕು. ‘ಓಡಿಯೇ ಇಲ್ಲ, ಮೂರೇ ಸಾವಿರ ಕಿ.ಮೀ. ಆಗಿದೆ’ ಎಂದು ಮಾರುವವನು ಹೆಮ್ಮೆಯಿಂದ ಹೇಳಿದರೆ, ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಒಂದೇ: ಬೆಲ್ಟ್ ಬದಲಿಸಿದ್ದು ಯಾವಾಗ?

ಧೂಳು, ಉಬ್ಬು, ಘಟ್ಟ

ಹುಬ್ಬಳ್ಳಿಯ ಸುತ್ತ ಎರೆಭೂಮಿ. ಬೇಸಿಗೆಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ಮಳೆಗಾಲದ ಕೆಸರು ತಳದ ಉಕ್ಕಿಗೆ ಮೆತ್ತಿ ತೇವ ಹಿಡಿದಿಡುತ್ತದೆ. ಮೈ ತೊಳೆಯುವುದಕ್ಕಿಂತ ತಳ ತೊಳೆಯುವುದು ಮುಖ್ಯ.

ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಅಂಥ ಉಬ್ಬನ್ನು ತಗ್ಗಾದ ಕಾರೂ ಮೆಲ್ಲಗೆ ದಾಟಬಲ್ಲದು. ಬಡಾವಣೆಯವರು ತಾವೇ ಕಟ್ಟಿಕೊಂಡ ಗಿಡ್ಡ, ಚೂಪು ಉಬ್ಬುಗಳದೇ ತೊಂದರೆ. ಅವುಗಳನ್ನು ಓರೆಯಾಗಿ, ಒಂದು ಚಕ್ರ ಏರಿದ ಮೇಲೆ ಇನ್ನೊಂದು ಏರುವಂತೆ ದಾಟಬೇಕು. ಹಿಂದೆ ಬರುವ ಆಟೊ ಹಾರ್ನ್ ಹೊಡೆದರೆ ಹೊಡೆಯಲಿ.

ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಸುಖವೂ ಬೇಕಲ್ಲ! ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಕಡೆ ಹೋಗುವ ದಾರಿ ಇಂಥ ಕಾರಿಗೆ ಹಬ್ಬ. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮುನ್ನ ಕಾಡು ಸಿಗುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ಕೈಗೆ ಹೇಳುವ ಮಾತು, ಗೇರ್ ಇಳಿಸಿದಾಗ ಎಂಜಿನ್ ಎತ್ತುವ ದನಿ, ಇವುಗಳಿಗೆ ಗಂಟೆಗೆ 60 ಕಿ.ಮೀ. ವೇಗವೇ ಸಾಕು.

ಆದರೆ ಘಟ್ಟ ಪರೀಕ್ಷೆಯೂ ಹೌದು. ಬ್ರೇಕ್ ಆಯಿಲ್ ಕೂಡ ತೇವ ಹೀರುವ ದ್ರವ. ‘ಡಾಟ್ 4’ ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದು ಹಳೆಯದಾದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಸತತ ಬ್ರೇಕ್ ಒತ್ತಿದಾಗ ಕಾವೇರಿ ದ್ರವ ಕುದಿದರೆ ಪೆಡಲ್ ಹತ್ತಿಯಂತೆ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಬೇಕು, ಕೆಳ ಗೇರಿನಲ್ಲಿಯೇ ಘಟ್ಟ ಇಳಿಯಬೇಕು.

ವೇಗದ ಆಸೆ ತೀರಿಸಿಕೊಳ್ಳಲು ಕೊಯಮತ್ತೂರು, ಚೆನ್ನೈಗಳಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಅದಕ್ಕಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ವಾಹನಕ್ಕೆ ಒದಗಿದ ದುರಂತವನ್ನು ಈ ಭಾಗದವರು ಮರೆತಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಈ ನಿಯಮ ದುಬಾರಿ ಕಾರಿಗೂ ಒಂದೇ, ಚಕ್ಕಡಿಗೂ ಒಂದೇ.

ಕಾಯಿದೆ ಮತ್ತು ಕೈಬರಹ

ಹದಿನೈದು ವರ್ಷದ ನಂತರ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟ್ ತಿದ್ದುಪಡಿಯಂತೆ 20 ವರ್ಷ ದಾಟಿದ ಕಾರಿಗೆ ಈ ಶುಲ್ಕ 10,000 ರೂಪಾಯಿ, ಆಮದು ಕಾರಿಗೆ 80,000 ರೂಪಾಯಿ. 50 ವರ್ಷ ಮೀರಿ ಮೂಲರೂಪದಲ್ಲಿಯೇ ಇರುವ ಕಾರುಗಳಿಗೆ 2021ರಲ್ಲಿ ಪ್ರತ್ಯೇಕ ‘ವಿಂಟೇಜ್’ ನೋಂದಣಿ ಬಂದಿದೆ. ಅವು ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಅಂಥ ಹಿರಿಯ ಕಾರುಗಳನ್ನು ನೋಡಬಯಸುವವರು ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ಕ್ಕೆ ಹೋಗಬಹುದು.

ಬೆಂಗೇರಿಯ ಹೆಸರು ದೇಶಕ್ಕೆ ಗೊತ್ತಿರುವುದು ಖಾದಿ ರಾಷ್ಟ್ರಧ್ವಜದಿಂದ. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲವೂ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಅಲ್ಲಿಂದ ಧ್ವಜ ಹೊರಬೀಳುತ್ತದೆ. ಅದೇ ಶಿಸ್ತು ಕಾರಿಗೂ ಬೇಕು. ಇದಕ್ಕೆ ಬೇಕಾದದ್ದು ಇಪ್ಪತ್ತು ರೂಪಾಯಿಯ ಒಂದು ನೋಟ್ ಪುಸ್ತಕ. ಆಯಿಲ್, ಬ್ರೇಕ್ ದ್ರವ, ಬೆಲ್ಟ್, ಕೊಳವೆ, ಬ್ಯಾಟರಿ, ಟೈರು, ಪ್ರತಿಯೊಂದನ್ನೂ ಬದಲಿಸಿದ ತಾರೀಖು, ಕಿ.ಮೀ., ಬಿಡಿಭಾಗದ ಸಂಖ್ಯೆ, ಕೆಲಸ ಮಾಡಿದವರ ಹೆಸರು ಅದರಲ್ಲಿರಬೇಕು. ಹಳೆಯ ಮೆಕ್ಯಾನಿಕ್‌ಗಳ ಕಿವಿಯಲ್ಲಿರುವ ವಿದ್ಯೆ ಅವರೊಂದಿಗೇ ಹೋಗುತ್ತಿರುವ ಈ ದಿನಗಳಲ್ಲಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಂಡರೆ ಮುಂದಿನ ಮಾಲೀಕನಿಗೂ, ಮುಂದಿನ ಹುಡುಗ ಮೆಕ್ಯಾನಿಕ್‌ಗೂ ದಾರಿಯಾಗುತ್ತದೆ. ಬರುವ ಖಂಡೇನವಮಿಗೆ ಕಾರನ್ನು ಪೂಜಿಸಿದ ಮೇಲೆ ಹೊದಿಕೆ ಹಾಕುವ ಮುನ್ನ ಧಾರವಾಡದವರೆಗೆ ಒಮ್ಮೆ ಹೋಗಿಬರಲಿ. ಪುಸ್ತಕದ ಮೊದಲ ಸಾಲನ್ನು ಆ ದಿನವೇ ಬರೆಯಬಹುದು.