ಹೊಕ್ಕುಳ ದಾರಿಯ ಶಸ್ತ್ರಚಿಕಿತ್ಸೆ

ಹುಟ್ಟುವಾಗಲೇ ಕೂಸಿನ ಹೊಟ್ಟೆಯಲ್ಲಿರುವ ನೀರುಗುಳ್ಳೆಗಳೆಲ್ಲ ಒಂದೇ ಜಾತಿಯವಲ್ಲ. ಹೆಣ್ಣುಕೂಸುಗಳಲ್ಲಿ ಹೆಚ್ಚಾಗಿ ಕಾಣುವುದು ಅಂಡಾಶಯದ ಗುಳ್ಳೆ. ತಾಯಿಯ ಮತ್ತು ಮಾಸಿನ ಹಾರ್ಮೋನುಗಳು ಗರ್ಭದಲ್ಲಿರುವ ಮಗುವಿನ ಅಂಡಾಶಯವನ್ನೂ ಕೆರಳಿಸುವುದರಿಂದ ಅದು ಬೆಳೆಯುತ್ತದೆ. ಕರುಳಿಗೆ ಅಂಟಿಕೊಂಡು, ಕರುಳಿನದೇ ಪದರಗಳಿಂದ ಮೂಡುವ ಚೀಲ ಇನ್ನೊಂದು ಬಗೆ. ಪಿತ್ತನಾಳವೇ ಉಬ್ಬಿ ಚೀಲವಾಗುವುದು ಮತ್ತೊಂದು. ಇವು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆದರೂ ಕೇಡು ತಪ್ಪಿದ್ದಲ್ಲ. ಗುಳ್ಳೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡರೆ ರಕ್ತಸಂಚಾರ ನಿಂತು ಅದು ಸಾಯುತ್ತದೆ. ಎಷ್ಟೋ ಸಲ ಹೆರಿಗೆಗೆ ಮೊದಲೇ ಹೀಗಾಗಿರುತ್ತದೆ. ಕರುಳಿನ ಚೀಲ ದಾರಿ ಕಟ್ಟಿದರೆ ಮಗು ಹಾಲು ಕಕ್ಕುತ್ತದೆ, ಪಿತ್ತ ನಿಂತರೆ ಯಕೃತ್ತು ಕೆಡುತ್ತದೆ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಇಂಥ ಗುಳ್ಳೆ ಗೊತ್ತಾಗಬೇಕಾದರೆ ಹೊಟ್ಟೆ ಉಬ್ಬಿ ಕೈಗೆ ಸಿಗಬೇಕಿತ್ತು. ಉಬ್ಬಿದ ಹೊಟ್ಟೆಗೆ ಬರೆ ಹಾಕುವ ರೂಢಿ ಉತ್ತರ ಕರ್ನಾಟಕದಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಒಳಗಿನ ಗುಳ್ಳೆಗೆ ಅದರಿಂದ ಏನೂ ಆಗುವುದಿಲ್ಲ, ಸುಟ್ಟ ಗಾಯಕ್ಕೆ ಮಾತ್ರ ಸೋಂಕು ತಗಲುತ್ತದೆ.

ಚಿತ್ರ ಬದಲಾದದ್ದು ಸ್ಕ್ಯಾನಿಂಗ್‌ನಿಂದ. ಗ್ಲಾಸ್ಗೊದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳನ್ನು ಶಬ್ದದ ಅಲೆಗಳಿಂದ ನೋಡುವ ಬಗೆಯನ್ನು 1958ರಲ್ಲಿ ಪ್ರಕಟಿಸಿದರು. ವಾಸಿಯಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಈ ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡ ನೀರುಗುಳ್ಳೆಯನ್ನು. ಅದನ್ನು ತೆಗೆದ ಮೇಲೆ ಆಕೆ ಬದುಕಿದಳು. ಮುಂದೆ ಅದೇ ಯಂತ್ರ ಗರ್ಭದೊಳಗಿನ ಕೂಸಿನ ಗುಳ್ಳೆಯನ್ನೂ ತೋರಿಸತೊಡಗಿತು.

ಕೊಳವೆ ತೂರಿಸಿ ಹೊಟ್ಟೆಯೊಳಗೆ ನೋಡುವ ಪ್ರಯತ್ನ ಅದಕ್ಕಿಂತ ಹಳೆಯದು. 1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಒಳಗೆ ಇಣುಕಿದ. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರಲ್ಲಿ ಅದನ್ನೇ ಮಾಡಿದ. ಕೊಳವೆ ದಪ್ಪ, ಬೆಳಕು ಮಂಕು, ಹೀಗಾಗಿ ಮಕ್ಕಳಿಗೆ ಅದು ಒದಗುವಂತಿರಲಿಲ್ಲ. ಬ್ರಿಟನ್ನಿನ ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಈ ಕೊಳವೆಯ ಒಳಗನ್ನೇ ತಲೆಕೆಳಗು ಮಾಡಿದ. ಅಲ್ಲಿಯವರೆಗೆ ಕೊಳವೆಯ ಬಹುಭಾಗ ಗಾಳಿ, ನಡುನಡುವೆ ತೆಳು ಮಸೂರ. ಹಾಪ್ಕಿನ್ಸ್ ಉದ್ದನೆಯ ಗಾಜಿನ ಕಡ್ಡಿಗಳನ್ನು ಜೋಡಿಸಿ ನಡುವೆ ಸಣ್ಣ ಸಂದು ಮಾತ್ರ ಉಳಿಸಿದ. ಬೆಳಕು ಹೆಚ್ಚಾಯಿತು, ಕೊಳವೆಯನ್ನು ಸಪೂರ ಮಾಡಲು ಸಾಧ್ಯವಾಯಿತು. ಕೊಳವೆ ತೂರಿಸಿ ಮಾಡುವ ನವಜಾತ ಶಿಶುವಿನ ಶಸ್ತ್ರಚಿಕಿತ್ಸೆ ಇಡಿಯಾಗಿ ನಿಂತಿರುವುದು ಈ ಗಾಜಿನ ಕಡ್ಡಿಯ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಗ್ಯಾನ್ಸ್ ಅದನ್ನು ಮಕ್ಕಳಿಗೆ ತಂದರು.

ಭಾರತದಲ್ಲಿ ತೆಹೆಮ್ಟನ್ ಉಡ್ವಾಡಿಯಾ 1972ರಲ್ಲಿ ಮುಂಬೈಯಲ್ಲಿ ರೋಗಪತ್ತೆಗಾಗಿ ಲ್ಯಾಪ್ರೋಸ್ಕೋಪಿ, ಅಂದರೆ ಕೊಳವೆ ತೂರಿಸಿ ಹೊಟ್ಟೆ ನೋಡುವ ಈ ವಿಧಾನವನ್ನು ಶುರುಮಾಡಿದರು. 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ದಾರಿಯಿಂದ ಪಿತ್ತಕೋಶ ತೆಗೆದರು. ಹಳ್ಳಿಯ ಹೆಂಗಸರಿಗೆ ಲ್ಯಾಪ್ರೋಸ್ಕೋಪಿಯ ಪರಿಚಯವಾದದ್ದು ಮಾತ್ರ ಸಂತಾನಹರಣ ಶಿಬಿರಗಳಲ್ಲಿ. ಮಕ್ಕಳ ಪಿತ್ತನಾಳದ ಚೀಲವನ್ನು ಈ ಬಗೆಯಲ್ಲಿ ತೆಗೆದ ಮೊದಲ ವರದಿ 1995ರಲ್ಲಿ ಇಟಲಿಯಿಂದ ಬಂತು. ಹಿಂದೆ ಆ ಚೀಲವನ್ನು ಅಲ್ಲೇ ಬಿಟ್ಟು ಕರುಳಿಗೆ ಜೋಡಿಸುತ್ತಿದ್ದರು. ಉಳಿದ ಚೀಲದಲ್ಲಿ ವರ್ಷಗಳ ಮೇಲೆ ಕ್ಯಾನ್ಸರ್ ಕಾಣಿಸಿದ್ದರಿಂದ ಈಗ ಪೂರ್ತಿ ತೆಗೆಯುವುದೇ ನಿಯಮ.

ಕೂಸಿಗೆ ಈ ಶಸ್ತ್ರಚಿಕಿತ್ಸೆ ಮಾಡುವಾಗ ಎಚ್ಚರ ಹೆಚ್ಚು ಬೇಕು. ನವಜಾತ ಶಿಶುವಿನ ಮೈಯಲ್ಲಿರುವ ರಕ್ತ ಕಿಲೋಗೆ ಸುಮಾರು 80 ಮಿಲಿ. ಮೂರು ಕಿಲೋ ಕೂಸಿನ ರಕ್ತವೆಲ್ಲ ಸೇರಿದರೂ ಒಂದು ದೊಡ್ಡ ಲೋಟ ತುಂಬಿದಷ್ಟೇ. ಮೈ ಬೇಗ ತಣ್ಣಗಾಗುವುದರಿಂದ ಆಪರೇಷನ್ ಕೋಣೆಯನ್ನು ಬೆಚ್ಚಗೆ ಮಾಡಿ, ಕೈಕಾಲಿಗೆ ಹತ್ತಿ ಸುತ್ತುತ್ತಾರೆ. ಈ ವಯಸ್ಸಿನಲ್ಲಿ ಮೂತ್ರಕೋಶ ಹೊಟ್ಟೆಯವರೆಗೂ ಏರಿರುವುದರಿಂದ ಮೊದಲು ಅದನ್ನು ಖಾಲಿ ಮಾಡಬೇಕು. ಹೊಕ್ಕುಳಲ್ಲಿ ಸಣ್ಣ ಗಾಯ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ದೊಡ್ಡವರಿಗೆ ಪಾದರಸದ 12–15 ಮಿಲಿಮೀಟರ್ ಒತ್ತಡವಾದರೆ ಇಲ್ಲಿ 6–8 ಸಾಕು. ಕೂಸು ಉಸಿರಾಡುವುದೇ ವಪೆಯಿಂದ, ಅದು ಮೇಲಕ್ಕೊತ್ತಿದರೆ ಉಸಿರು ಕಟ್ಟುತ್ತದೆ. ತುಂಬಿದ ಅನಿಲ ರಕ್ತಕ್ಕೂ ಸೇರುವುದರಿಂದ ಅರಿವಳಿಕೆ ವೈದ್ಯರ ಕಣ್ಣು ಮಾನಿಟರ್ ಬಿಟ್ಟು ಕದಲುವಂತಿಲ್ಲ. ಉಪಕರಣಗಳ ದಪ್ಪ ಮೂರು ಮಿಲಿಮೀಟರ್. ಅಂಡಾಶಯದ ಗುಳ್ಳೆಯಾದರೆ ಸೂಜಿಯಿಂದ ನೀರು ಹೀರಿ, ಬರಿದಾದ ಚೀಲವನ್ನು ಹೊಕ್ಕುಳಿನಿಂದಲೇ ಹೊರಗೆಳೆದು, ಗುಳ್ಳೆಯ ಗೋಡೆಯನ್ನಷ್ಟೇ ಸುಲಿದು, ಉಳಿದ ಅಂಡಾಶಯವನ್ನು ಒಳಗೆ ಸೇರಿಸುತ್ತಾರೆ. ರಕ್ತ ಹರಿದರೆ, ಜಾಗ ಸಾಲದಿದ್ದರೆ ಹೊಟ್ಟೆ ತೆರೆಯುತ್ತಾರೆ. ಅದು ಸೋಲಲ್ಲ, ವಿವೇಕ.

ಎಲ್ಲ ಗುಳ್ಳೆಗೂ ಕತ್ತರಿ ಬೇಕಿಲ್ಲ. ಐದು ಸೆಂಟಿಮೀಟರಿಗಿಂತ ಚಿಕ್ಕದಾದ, ತಿಳಿನೀರಷ್ಟೇ ಇರುವ ಅಂಡಾಶಯದ ಗುಳ್ಳೆಗಳಲ್ಲಿ ಹೆಚ್ಚಿನವು ತಾಯಿಯ ಹಾರ್ಮೋನು ಇಳಿದಂತೆ ಕೆಲವು ತಿಂಗಳಲ್ಲಿ ತಾವೇ ಕರಗುತ್ತವೆ. ಆಗಾಗ ಸ್ಕ್ಯಾನ್ ಮಾಡಿಸಿ ಕಾಯುವುದೂ ಚಿಕಿತ್ಸೆಯೇ.

ಗರ್ಭದಲ್ಲೇ ಗುಳ್ಳೆ ಕಂಡರೂ ಅದನ್ನು ವರದಿಯಲ್ಲಿ ತಿಳಿಸುವುದಕ್ಕೆ ಭಾರತದಲ್ಲಿ ಒಂದು ವಿಶೇಷ ತೊಡಕಿದೆ. 1994ರ ಕಾನೂನಿನ ಪ್ರಕಾರ ಗರ್ಭದಲ್ಲಿರುವ ಮಗುವಿನ ಲಿಂಗವನ್ನು ಯಾರೂ ತಿಳಿಸುವಂತಿಲ್ಲ. ಅಂಡಾಶಯದ ಗುಳ್ಳೆ ಎಂದು ಬರೆದರೆ ಹೆಣ್ಣು ಎಂದು ಹೇಳಿದಂತೆಯೇ. ಹೊಟ್ಟೆಯೊಳಗೆ ಗುಳ್ಳೆಯಿದೆ, ಹೆರಿಗೆಯಾದ ಮೇಲೆ ನೋಡಬೇಕು ಎಂಬಷ್ಟರಲ್ಲೇ ವರದಿ ನಿಲ್ಲಬೇಕಾಗುತ್ತದೆ. ಹೆಣ್ಣುಭ್ರೂಣವನ್ನು ಉಳಿಸಲೆಂದು ಬಂದ ಈ ಕಾನೂನು ಬೇಕೇ ಬೇಕು. ಆ ಮೊಟಕು ಸಾಲನ್ನು ಮನೆಯವರು ಹಗುರಾಗಿ ಎಣಿಸದಂತೆ ತಿಳಿಹೇಳುವ ಹೊಣೆ ವೈದ್ಯರದು, ಆಶಾ ಕಾರ್ಯಕರ್ತೆಯರದು.

ಈ ಶಸ್ತ್ರಚಿಕಿತ್ಸೆಗೆ ಮಕ್ಕಳ ಸರ್ಜನ್, ಶಿಶುಗಳ ಅರಿವಳಿಕೆ ಬಲ್ಲವರು, ನವಜಾತ ಶಿಶು ಘಟಕ ಮೂರೂ ಒಂದೇ ಕಡೆ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಆಗದ ಮಾತು. ಗದಗಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದಕ್ಕೂ ಮೇಲಿನ ಚಿಕಿತ್ಸೆಗೆ ಈ ಭಾಗದ ಜನ ಹೋಗುವುದು 1957ರಲ್ಲಿ ಶುರುವಾದ, ಎಲ್ಲರ ಬಾಯಲ್ಲೂ ಕಿಮ್ಸ್ ಎಂದೇ ಉಳಿದಿರುವ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ. ನರಗುಂದದಿಂದ ನವಲಗುಂದದ ಮೇಲೆ ಹೆದ್ದಾರಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ರೋಣದಿಂದ ಬೇರೆಯಾಗಿ ತಾಲ್ಲೂಕಾದ ಗಜೇಂದ್ರಗಡಕ್ಕೆ ದಾರಿ ದೂರ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಕಾಯಿಲೆಯ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾಗಣೆ ಉಚಿತ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟುದೋಷಗಳ ತಪಾಸಣೆಯಿದೆ. ಆದರೆ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಗಳ ಸ್ಕ್ಯಾನ್ ವರದಿ ಗಂಡನ ಮನೆಯಲ್ಲೇ ಉಳಿದರೆ ಇದೆಲ್ಲ ವ್ಯರ್ಥ. ತಾಯಿ ಕಾರ್ಡಿನ ಜತೆ ಆ ವರದಿಯೂ ಬರಬೇಕು, ಗುಳ್ಳೆ ದೊಡ್ಡದಿದ್ದರೆ ಹೆರಿಗೆಯೇ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಆಗಬೇಕು. ಹುಟ್ಟಿದ ಮೊದಲ ದಿನಗಳಲ್ಲೇ ಮತ್ತೊಂದು ಸ್ಕ್ಯಾನ್ ಮಾಡಿಸಿ, ಗುಳ್ಳೆಯ ಅಳತೆ ಬರೆದಿಟ್ಟು, ಕಾಯುವುದೋ ತೆಗೆಯುವುದೋ ಎಂಬುದನ್ನು ಮಕ್ಕಳ ಸರ್ಜನ್ ತೀರ್ಮಾನಿಸುತ್ತಾರೆ.