ಟೈಟಾನಿಯಂ ಮಿಶ್ರಲೋಹ: ಹರಳಿನ ದಿಕ್ಕು ಮತ್ತು ದಣಿವಿನ ಬಿರುಕು

ವಿಮಾನ ಬಿಡಿಭಾಗಗಳ ತಯಾರಿಕೆಗೆ ಕಾಲಿಡಬಯಸುವ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ ಪ್ರದೇಶಗಳ ಸಣ್ಣ ಕೈಗಾರಿಕಾ ಘಟಕಗಳು ಟೈಟಾನಿಯಂ ಕುರಿತು ಒಂದು ಸಂಗತಿಯನ್ನು ಅವಶ್ಯವಾಗಿ ಅರಿತಿರಬೇಕು. ರಾಸಾಯನಿಕ ಸಂಯೋಜನೆ, ಬಲ, ಅಳತೆ ಮೂರೂ ಸರಿಯಾಗಿದ್ದ ಭಾಗವೂ ಅವಧಿಗೆ ಮುನ್ನ ಬಿರಿಯಬಹುದು. ಲೋಹದೊಳಗಿನ ಹರಳುಗಳ ದಿಕ್ಕು ಇದಕ್ಕೆ ಒಂದು ಕಾರಣ.

2017ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್‌ನ ಎ380 ವಿಮಾನದ ಒಂದು ಎಂಜಿನ್ನಿನ ಫ್ಯಾನ್ ಹಬ್ ಗ್ರೀನ್‌ಲ್ಯಾಂಡ್ ಮೇಲೆ ಒಡೆದು ಬಿತ್ತು. ವಿಮಾನವು ಕೆನಡಾದ ಗೂಸ್ ಬೇಯಲ್ಲಿ ಸುರಕ್ಷಿತವಾಗಿ ಇಳಿಯಿತು. 521 ಮಂದಿಯಲ್ಲಿ ಯಾರಿಗೂ ಗಾಯವಾಗಲಿಲ್ಲ. ಹಿಮದಡಿ ಹುದುಗಿದ್ದ ಹಬ್‌ನ ತುಂಡು 2019ರಲ್ಲಿ ದೊರೆಯಿತು. ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಬೆರೆತ ಆ ಟೈಟಾನಿಯಂನಲ್ಲಿ, ಒಂದೇ ದಿಕ್ಕಿಗೆ ವಾಲಿದ ಹರಳುಗಳ ಗುಂಪಿನೊಳಗೆ, ಮೇಲ್ಮೈಯ ಕೆಳಗೆ ಬಿರುಕು ಹುಟ್ಟಿತ್ತೆಂದು 2020ರ ತನಿಖಾ ವರದಿ ತಿಳಿಸಿತು.

ಇದು ಹೇಗೆ ಸಂಭವಿಸುತ್ತದೆ? ಸಾಮಾನ್ಯ ಉಷ್ಣಾಂಶದಲ್ಲಿ ಟೈಟಾನಿಯಂನ ಪ್ರಧಾನ ಹರಳುಗಳು ಷಟ್ಕೋನ ರಚನೆಯವು. ಷಟ್ಕೋನದ ಅಕ್ಷದ ಉದ್ದಕ್ಕೆ ಎಳೆದರೆ ಹರಳು ಹೆಚ್ಚು ಬಿರುಸು. ಅಡ್ಡಕ್ಕೆ ಎಳೆದರೆ ಮೆದು. ಬೀಟೆ ಮರವನ್ನು ಕೊರೆಯುವ ಮೈಸೂರಿನ ಕುಶಲಕರ್ಮಿ ಎಳೆಯ ದಿಕ್ಕನ್ನು ನೋಡಿಯೇ ಉಳಿ ಇಡುತ್ತಾನೆ. ಲೋಹದ ಹರಳಿನಲ್ಲಿಯೂ ದಿಕ್ಕಿಗೆ ತಕ್ಕಂತೆ ಗುಣ ಬದಲಾಗುತ್ತದೆ, ಆದರೆ ಅದು ಕಣ್ಣಿಗೆ ಕಾಣದು. ವಿಮಾನ ಮೇಲೇರುವಾಗ ಗರಿಷ್ಠ ಭಾರವು ಕೆಲವು ನಿಮಿಷ ನಿಲ್ಲುತ್ತದೆ. ಆಗ ಮೆದು ಹರಳು ನಿಧಾನವಾಗಿ ಜರುಗಿ ತನ್ನ ಹೊರೆಯನ್ನು ನೆರೆಯ ಬಿರುಸು ಹರಳಿಗೆ ದಾಟಿಸುತ್ತದೆ. ಹಾರಾಟದಿಂದ ಹಾರಾಟಕ್ಕೆ ಇದು ಪುನರಾವರ್ತನೆಯಾಗಿ ಕೊನೆಗೆ ಬಿರುಸು ಹರಳು ಸೀಳುತ್ತದೆ. ಹರಳುಗಳು ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಪ್ರತಿ ಗಡಿಯಲ್ಲಿಯೂ ಬಿರುಕಿಗೆ ತಡೆಯುಂಟು; ಗುಂಪು ಒಂದೇ ದಿಕ್ಕಿನದಾದರೆ ಅದು ಒಂದೇ ದೊಡ್ಡ ಹರಳಿನಂತೆ ವರ್ತಿಸಿ ಬಿರುಕಿಗೆ ದಾರಿಬಿಡುತ್ತದೆ.

ಇಂಥ ಗುಂಪುಗಳು ಉಳಿಯುವುದೂ ಚದುರುವುದೂ ಕುಲುಮೆ ಕೆಲಸದಲ್ಲಿ, ಅಂದರೆ ಫೋರ್ಜಿಂಗ್‌ನ ಉಷ್ಣಾಂಶ ಮತ್ತು ಒತ್ತಿನ ಪ್ರಮಾಣದಲ್ಲಿ ನಿರ್ಧಾರವಾಗುತ್ತದೆ. ಯಂತ್ರದಲ್ಲಿ ಕಡೆಯುವವರು ಅದನ್ನು ಬದಲಿಸಲಾರರು. ಶಾಟ್ ಪೀನಿಂಗ್ ಮೇಲ್ಮೈಯ ಬಿರುಕನ್ನು ತಡೆದೀತು, ಒಳಗಿನದನ್ನಲ್ಲ.

ಹಾಗೆಂದು ಸಣ್ಣ ಘಟಕದ ಹೊಣೆ ಕಡಿಮೆಯೇನಲ್ಲ. ದುಬಾರಿ ಲೋಹವೆಂದು ಉಳಿಕೆ ತುಂಡನ್ನು ನಕ್ಷೆ ಸೂಚಿಸಿದ ದಿಕ್ಕು ಬಿಟ್ಟು ಕತ್ತರಿಸುವುದು, ಹೀಟ್ ನಂಬರ್ ಅಳಿಸಿಹೋದ ಸರಕನ್ನು ಬೆರೆಸುವುದು ಸಲ್ಲದು. ಪ್ರತಿ ತುಂಡಿನ ಹೀಟ್ ನಂಬರ್, ಫೋರ್ಜಿಂಗ್ ದಿಕ್ಕು ಮತ್ತು ಪರೀಕ್ಷಾ ಮಾದರಿ ತೆಗೆದ ಜಾಗವನ್ನು ದಾಖಲಿಸಬೇಕು. ಭಾಗವೊಂದು ಮುರಿದ ದಿನ, ಯಾವ ಸರಕಿನ ಭಾಗಗಳನ್ನು ಹಿಂಪಡೆಯಬೇಕೆಂಬುದನ್ನು ಆ ದಾಖಲೆಯೇ ತಿಳಿಸಬಲ್ಲದು.