ಟ್ಯಾಬ್ಲೆಟ್ ಗಣಕ, ಪ್ಲಗ್-ಇನ್ ಮತ್ತು ಮುಕ್ತ ತಂತ್ರಾಂಶ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಶಿವಮೊಗ್ಗ ನಗರದ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿಯೂ ಭದ್ರಾವತಿಯ ಅಡಿಕೆ ಬೆಳೆಗಾರರ ಮನೆಗಳಲ್ಲಿಯೂ ಇಂದು ಟ್ಯಾಬ್ಲೆಟ್ ಗಣಕವನ್ನು ಕಾಣಬಹುದಾಗಿದೆ. ಪಾಠ ಕೇಳುವುದು, ಪಹಣಿ ನೋಡುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದು ಮುಂತಾದ ಕಾರ್ಯಗಳಿಗೆ ನಾಗರಿಕರು ಇದನ್ನು ಬಳಸುತ್ತಿದ್ದಾರೆ. ಆದರೆ ಮೇಜಿನ ಮೇಲಿನ ಗಣಕಯಂತ್ರಕ್ಕಾಗಿ ಹಿಂದೆ ಸಿದ್ಧಪಡಿಸಿದ ಪಾಠವೊಂದು ಟ್ಯಾಬ್ಲೆಟ್‌ನಲ್ಲಿ ಖಾಲಿ ಚೌಕವಾಗಿ ಕಾಣಬಹುದು. ಹತ್ತು ಹದಿನೈದು ವರ್ಷಗಳ ಹಿಂದೆ ಬೆರಳಚ್ಚು ಮಾಡಿದ ಕನ್ನಡ ಕಡತವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳಬಹುದು. ಇಂತಹ ಸಂದರ್ಭದಲ್ಲಿ ಸಾಧನವೇ ಕೆಟ್ಟಿದೆಯೆಂದು ಭಾವಿಸುವುದು ಸಹಜ. ವಾಸ್ತವವಾಗಿ ದೋಷವು ಸಾಧನದಲ್ಲಿರುವುದಿಲ್ಲ. ಮಾಹಿತಿಯನ್ನು ಯಾವ ರೂಪದಲ್ಲಿ ಇಡಲಾಗಿದೆ, ಆ ರೂಪವನ್ನು ತೆರೆಯುವ ತಂತ್ರಾಂಶ ಯಾರ ಅಧೀನದಲ್ಲಿದೆ ಎಂಬುದರಲ್ಲಿ ಅದರ ಕಾರಣ ಅಡಗಿದೆ.

ಭದ್ರಾವತಿಯ ನಾಗರಿಕರಿಗೆ ಇದನ್ನು ಕಾಗದದ ಉದಾಹರಣೆಯಿಂದಲೇ ತಿಳಿಸಬಹುದು. 1930ರ ದಶಕದಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದಿವೆ. ಆದರೂ ಅದರ ಕಾಗದದ ಮೇಲೆ ಬರೆದ ಪತ್ರ, ಅಚ್ಚಾದ ಪುಸ್ತಕ ಇಂದಿಗೂ ಓದಲು ದೊರೆಯುತ್ತವೆ. ಗಣಕ ಕಡತದ ವಿಷಯ ಹಾಗಲ್ಲ. ಒಂದೇ ಸಂಸ್ಥೆಯ ತಂತ್ರಾಂಶದಿಂದ ಮಾತ್ರ ತೆರೆಯಬಹುದಾದ ಕಡತವು, ಆ ಸಂಸ್ಥೆಯು ತಂತ್ರಾಂಶವನ್ನು ಕೈಬಿಟ್ಟ ದಿನದಿಂದ ಓದಲಾಗದ ಕಡತವಾಗುತ್ತದೆ.

2. ಪ್ಲಗ್-ಇನ್ ಎಂದರೇನು?

ಅಂತರಜಾಲದ ಪುಟಗಳನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. 1990ರ ದಶಕದ ಬ್ರೌಸರ್‌ಗಳು ಅಕ್ಷರ ಮತ್ತು ಸ್ಥಿರಚಿತ್ರಗಳನ್ನು ಮಾತ್ರ ಚೆನ್ನಾಗಿ ತೋರಿಸುತ್ತಿದ್ದವು. ಚಲನಚಿತ್ರ, ಧ್ವನಿ, ಡಿಜಿಟಲ್ ಸಹಿ ಮುಂತಾದ ಸೌಲಭ್ಯಗಳಿಗಾಗಿ ಬ್ರೌಸರ್‌ಗೆ ಹೊರಗಿನಿಂದ ಸೇರಿಸುತ್ತಿದ್ದ ಉಪತಂತ್ರಾಂಶವೇ ಪ್ಲಗ್-ಇನ್. ಫ್ಲ್ಯಾಶ್, ಸಿಲ್ವರ್‌ಲೈಟ್ ಮತ್ತು ಜಾವಾ ಆಪ್ಲೆಟ್‌ಗಳನ್ನು ನಡೆಸುವ ಉಪತಂತ್ರಾಂಶ ಇವುಗಳಲ್ಲಿ ಮುಖ್ಯವಾದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇದೇ ಕೆಲಸಕ್ಕೆ ಆಕ್ಟಿವ್‌ಎಕ್ಸ್ ಬಳಕೆಯಲ್ಲಿತ್ತು.

ಇವುಗಳಿಂದ ಆದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಅಂತರಜಾಲದಲ್ಲಿ ಚಲನಚಿತ್ರ ನೋಡುವುದು ಜನಸಾಮಾನ್ಯರಿಗೆ ಸಾಧ್ಯವಾದದ್ದು ಬಹುಮಟ್ಟಿಗೆ ಫ್ಲ್ಯಾಶ್‌ನಿಂದಲೇ. ಆದರೆ ಫ್ಲ್ಯಾಶ್ ಪ್ಲೇಯರ್ ಒಂದು ಸಂಸ್ಥೆಯ ಸ್ವಾಮ್ಯದ ತಂತ್ರಾಂಶವಾಗಿತ್ತು. ಅದರ ಮೂಲ ಸಂಕೇತ, ಅಂದರೆ ತಂತ್ರಾಂಶ ರಚನೆಯ ಮೂಲ ಬರಹ, ಸಾರ್ವಜನಿಕರಿಗೆ ಲಭ್ಯವಿರಲಿಲ್ಲ. ಪ್ರತಿಯೊಂದು ಬಗೆಯ ಸಂಸ್ಕಾರಕಕ್ಕೂ ಕಾರ್ಯಾಚರಣೆ ವ್ಯವಸ್ಥೆಗೂ ತಕ್ಕಂತೆ ಅದನ್ನು ಸಿದ್ಧಪಡಿಸುವ ಅಧಿಕಾರ ಒಡೆತನದ ಸಂಸ್ಥೆಗೆ ಮಾತ್ರ ಇತ್ತು. ಮೇಜಿನ ಗಣಕಯಂತ್ರಗಳೆಲ್ಲವೂ ಬಹುತೇಕ ಒಂದೇ ಬಗೆಯವಾಗಿದ್ದ ಕಾಲದಲ್ಲಿ ಇದರ ತೊಡಕು ಕಾಣಿಸಲಿಲ್ಲ. ಬೇರೆ ಸಂಸ್ಕಾರಕ, ಬೇರೆ ವ್ಯವಸ್ಥೆಗಳನ್ನುಳ್ಳ ಟ್ಯಾಬ್ಲೆಟ್ ಬಂದಾಗ ಅದು ಸ್ಪಷ್ಟವಾಯಿತು.

3. ಕರ್ನಾಟಕದ ಮೊದಲ ಪ್ರಯತ್ನ: ಸಿಂಪ್ಯೂಟರ್

ಐಪ್ಯಾಡ್ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಕೈಗಣಕದ ಮಾದರಿಯನ್ನು ಪ್ರದರ್ಶಿಸಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಮೂಲಕ ಇದನ್ನು ರೂಪಿಸಿದರು. ಸ್ಪರ್ಶಪರದೆ, ಬರೆಯಲು ಕಡ್ಡಿ, ಒಂದೇ ಸಾಧನವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್, ಓದಲು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ ಇವು ಅದರ ಲಕ್ಷಣಗಳಾಗಿದ್ದವು.

ಸಿಂಪ್ಯೂಟರ್ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಾರ್ಯನಿರ್ವಹಿಸುತ್ತಿತ್ತು. ಯಂತ್ರದ ವಿನ್ಯಾಸವನ್ನು ಸಹ ಪ್ರತ್ಯೇಕ ಸಾರ್ವಜನಿಕ ಪರವಾನಗಿಯಡಿ ಇತರರಿಗೆ ದೊರೆಯುವಂತೆ ಮಾಡಲಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದೊಂದಿಗೆ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ರಾಜ್ಯದ ಭೂದಾಖಲೆಗಳ ಕಾರ್ಯದಲ್ಲಿಯೂ ಬಳಕೆಯಾಯಿತು. ಆದರೆ ಮಾರಾಟವು ನಿರೀಕ್ಷಿತ ಪ್ರಮಾಣವನ್ನು ತಲುಪಲಿಲ್ಲ. ಅದೇ ವರ್ಷಗಳಲ್ಲಿ ಮೊಬೈಲ್ ದೂರವಾಣಿಯ ಬೆಲೆ ವೇಗವಾಗಿ ಇಳಿಯಿತು. ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಸಾಧನವು ಜನರನ್ನು ತಲುಪುವುದಿಲ್ಲ. ಬೆಲೆ, ಉಪಯೋಗ, ದುರಸ್ತಿ ವ್ಯವಸ್ಥೆ ಇವೂ ಕೂಡಿಬರಬೇಕು ಎಂಬುದು ಈ ಪ್ರಯತ್ನದಿಂದ ತಿಳಿದುಬರುತ್ತದೆ.

4. ಟ್ಯಾಬ್ಲೆಟ್ ಮತ್ತು ಫ್ಲ್ಯಾಶ್

2010ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಆಪಲ್ ಸಂಸ್ಥೆಯ ಐಪ್ಯಾಡ್‌ನಲ್ಲಿ ಫ್ಲ್ಯಾಶ್‌ಗೆ ಅವಕಾಶವಿರಲಿಲ್ಲ. ಅದೇ ತಿಂಗಳು ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣಗಳನ್ನು ವಿವರಿಸಿದರು. ಫ್ಲ್ಯಾಶ್ ಒಂದೇ ಸಂಸ್ಥೆಯ ಹಿಡಿತದಲ್ಲಿದೆ, ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ, ಸುರಕ್ಷತೆಯ ಲೋಪಗಳಿವೆ, ಮೌಸ್‌ಗಾಗಿ ರೂಪಿಸಿದ ಪುಟಗಳು ಬೆರಳ ಸ್ಪರ್ಶಕ್ಕೆ ಹೊಂದುವುದಿಲ್ಲ ಎಂಬುವು ಅವುಗಳಲ್ಲಿ ಮುಖ್ಯವಾದವು. ಆಪಲ್‌ನ ವ್ಯವಸ್ಥೆಯೂ ಆ ಸಂಸ್ಥೆಯ ಸ್ವಾಮ್ಯಕ್ಕೇ ಒಳಪಟ್ಟಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಆಂಡ್ರಾಯ್ಡ್ ಸಾಧನಗಳಲ್ಲಿ ಕೆಲಕಾಲ ಫ್ಲ್ಯಾಶ್ ದೊರೆಯುತ್ತಿತ್ತು. ಮೊಬೈಲ್ ಮತ್ತು ಟ್ಯಾಬ್ಲೆಟ್ ಬ್ರೌಸರ್‌ಗಳಿಗೆ ಅದನ್ನು ಅಭಿವೃದ್ಧಿಪಡಿಸುವುದನ್ನು ನಿಲ್ಲಿಸುವುದಾಗಿ ಒಡೆತನದ ಅಡೋಬಿ ಸಂಸ್ಥೆಯು 2011ರ ನವೆಂಬರ್‌ನಲ್ಲಿ ಪ್ರಕಟಿಸಿತು. 2015ರಲ್ಲಿ ಕ್ರೋಮ್ ಬ್ರೌಸರ್ ಹಳೆಯ ಪ್ಲಗ್-ಇನ್ ವ್ಯವಸ್ಥೆಯನ್ನು ಕೈಬಿಟ್ಟಿತು. 2017ರಲ್ಲಿ ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನುಳಿದು ಉಳಿದವನ್ನು ಕೈಬಿಟ್ಟಿತು. 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲ ಸಂಪೂರ್ಣವಾಗಿ ಕೊನೆಗೊಂಡಿತು. 2021ರ ಅಕ್ಟೋಬರ್‌ನಲ್ಲಿ ಸಿಲ್ವರ್‌ಲೈಟ್‌ನ ಬೆಂಬಲವೂ ಮುಕ್ತಾಯವಾಯಿತು.

5. ಪ್ಲಗ್-ಇನ್‌ನ ಸ್ಥಾನಕ್ಕೆ ಬಂದದ್ದು

ಚಲನಚಿತ್ರ, ಧ್ವನಿ, ರೇಖಾಚಿತ್ರಗಳನ್ನು ಬ್ರೌಸರ್ ತಾನೇ ತೋರಿಸಬಲ್ಲ ಎಚ್‌ಟಿಎಂಎಲ್ 5 ಎಂಬ ಮಾನಕವನ್ನು 2014ರ ಅಕ್ಟೋಬರ್‌ನಲ್ಲಿ ಅಧಿಕೃತವಾಗಿ ಅಂಗೀಕರಿಸಲಾಯಿತು. ಮಾನಕದ ವಿವರಗಳು ಎಲ್ಲರಿಗೂ ಲಭ್ಯವಿರುವುದರಿಂದ ಯಾವ ಸಂಸ್ಥೆಯಾದರೂ ಅದಕ್ಕೆ ತಕ್ಕ ಬ್ರೌಸರ್ ರಚಿಸಬಹುದು.

ಇದರ ಹಿಂದೆ ಮುಕ್ತ ತಂತ್ರಾಂಶದ ಪಾತ್ರ ದೊಡ್ಡದು. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯ ರಚಿಸಿದ ಬ್ರೌಸರ್ ಭಾಗವನ್ನು ಆಧರಿಸಿ ಆಪಲ್ ಸಂಸ್ಥೆಯು ವೆಬ್‌ಕಿಟ್ ರೂಪಿಸಿತು. ಅದರಿಂದ 2013ರಲ್ಲಿ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಐಪ್ಯಾಡ್ ಮತ್ತು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಪ್ರಮುಖ ಬ್ರೌಸರ್‌ಗಳ ಮೂಲ ಹೀಗೆ ಒಂದೇ ಮುಕ್ತ ತಂತ್ರಾಂಶಕ್ಕೆ ಹೋಗಿ ಸೇರುತ್ತದೆ. ಮೂಲ ಸಂಕೇತ ದೊರೆತದ್ದರಿಂದಲೇ ಹೊಸ ಸಂಸ್ಕಾರಕಗಳಿಗೆ ಅದನ್ನು ಹೊಂದಿಸಿಕೊಳ್ಳುವುದು ಹಲವು ಸಂಸ್ಥೆಗಳಿಗೆ ಸಾಧ್ಯವಾಯಿತು. ಫ್ಲ್ಯಾಶ್‌ನಲ್ಲಿದ್ದ ಹಳೆಯ ಕೃತಿಗಳಲ್ಲಿ ಒಂದಷ್ಟು ಉಳಿದಿರುವುದಕ್ಕೂ ರಫಲ್ ಎಂಬ ಮುಕ್ತ ತಂತ್ರಾಂಶವೇ ಕಾರಣ. 2020ರ ನವೆಂಬರ್‌ನಿಂದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಅದರ ನೆರವಿನಿಂದ ಇಂತಹ ಕೃತಿಗಳನ್ನು ಸಂರಕ್ಷಿಸುತ್ತಿದೆ.

6. ವಿದ್ಯಾರ್ಥಿಗಳಿಗೆ ಇದರ ಮಹತ್ವ

2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಕಾರ್ಯವನ್ನು ಆರಂಭಿಸಿತು. ಫ್ಲ್ಯಾಶ್ ಕೊನೆಗೊಂಡು ಆಗ ಆರು ತಿಂಗಳು ಕಳೆದಿತ್ತು. ಕೋವಿಡ್ ಕಾರಣದಿಂದ ತರಗತಿಗಳು ಮುಚ್ಚಿದ್ದ ಆ ಅವಧಿಯಲ್ಲಿ, ಫ್ಲ್ಯಾಶ್‌ನಲ್ಲಿ ಮಾತ್ರ ಇದ್ದ ಪಾಠವು ಆ ಟ್ಯಾಬ್ಲೆಟ್‌ಗಳ ಬ್ರೌಸರ್‌ನಲ್ಲಿ ತೆರೆಯುವಂತಿರಲಿಲ್ಲ.

ಮುಂದಾಲೋಚನೆಯಿಂದ ರೂಪಾಂತರಗೊಂಡ ಪಾಠಗಳ ಸ್ಥಿತಿ ಬೇರೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿಜ್ಞಾನ ಪ್ರಾತ್ಯಕ್ಷಿಕೆಗಳು ಮೊದಲಿಗೆ ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. ಅನಂತರ ಅವುಗಳಲ್ಲಿ ಬಹಳಷ್ಟನ್ನು ಎಚ್‌ಟಿಎಂಎಲ್ 5ಕ್ಕೆ ಬದಲಾಯಿಸಲಾಯಿತು. ಅವುಗಳ ಕನ್ನಡ ಅನುವಾದಗಳೂ ಇವೆ. ಗಣಿತ ಕಲಿಕೆಯ ಜಿಯೋಜಿಬ್ರಾ ಸಹ ಜಾವಾ ಆಪ್ಲೆಟ್‌ನಿಂದ ಹೊರಬಂದು ಟ್ಯಾಬ್ಲೆಟ್‌ಗೆ ಹೊಂದಿಕೊಂಡಿತು. ಇವುಗಳನ್ನು ಬಳಸುವ ಭದ್ರಾವತಿಯ ವಿದ್ಯಾರ್ಥಿಗೆ ಹಳೆಯ ಪ್ಲಗ್-ಇನ್ ಇತ್ತೆಂಬುದೇ ತಿಳಿಯುವುದಿಲ್ಲ. ಪಾಠ ಮಾತ್ರ ತೆರೆದುಕೊಳ್ಳುತ್ತದೆ.

7. ಕನ್ನಡ ಅಕ್ಷರಗಳ ಪ್ರಶ್ನೆ

ಕನ್ನಡದ ಮಟ್ಟಿಗೆ ತೊಡಕು ಪ್ಲಗ್-ಇನ್‌ಗೆ ಮಾತ್ರ ಸೀಮಿತವಾಗಿರಲಿಲ್ಲ. 2000ರ ದಶಕದಲ್ಲಿ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ನುಡಿ, ಬರಹ ಮುಂತಾದ ತಂತ್ರಾಂಶಗಳು ವ್ಯಾಪಕವಾಗಿ ಬಳಕೆಗೆ ಬಂದವು. ಗಣಕದಲ್ಲಿ ಕನ್ನಡ ಬೆಳೆಸುವಲ್ಲಿ ಅವುಗಳ ಕೊಡುಗೆ ದೊಡ್ಡದು. ಆದರೆ ಆ ಕಾಲದ ಬಹುಪಾಲು ಕಡತಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಿಗೆ ಕನ್ನಡದ ಆಕಾರಗಳನ್ನು ಜೋಡಿಸಲಾಗಿತ್ತು. ಆಯಾ ಅಕ್ಷರಶೈಲಿ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಕಡತ ತೆರೆದರೆ ರೋಮನ್ ಅಕ್ಷರಗಳಷ್ಟೇ ಕಾಣುತ್ತವೆ. ಅಂತಹ ಕಡತದಲ್ಲಿ ಗ್ರಾಮದ ಹೆಸರನ್ನೋ ಖಾತೆದಾರರ ಹೆಸರನ್ನೋ ಕನ್ನಡದಲ್ಲಿ ಹುಡುಕುವುದೂ ಸಾಧ್ಯವಾಗುವುದಿಲ್ಲ.

ಯೂನಿಕೋಡ್ ಮಾನಕವು ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಮೀಸಲಿಟ್ಟಿದೆ. 1991ರಷ್ಟು ಹಿಂದೆಯೇ ಕನ್ನಡವು ಅದರಲ್ಲಿ ಸೇರಿತ್ತಾದರೂ ಸಾಧನಗಳಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಅಕ್ಷರಶೈಲಿಯನ್ನು ಅಳವಡಿಸಲಾಯಿತು. ಅದಕ್ಕೂ ಹಿಂದಿನ ಅನೇಕ ಸಾಧನಗಳಲ್ಲಿ ಕನ್ನಡ ಪುಟವು ಚೌಕಗಳ ಸಾಲಾಗಿ ಕಾಣುತ್ತಿತ್ತು. ಇಂದು ಗುಬ್ಬಿ, ನವಿಲು, ಲೋಹಿತ್ ಮುಂತಾದ ಮುಕ್ತ ಅಕ್ಷರಶೈಲಿಗಳು ಲಭ್ಯವಿವೆ. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಮುಕ್ತ ಪರಿವರ್ತಕಗಳೂ ದೊರೆಯುತ್ತವೆ.

ಭೂಮಿ ಯೋಜನೆಯಡಿ ಆರಂಭದಲ್ಲಿಯೇ ಗಣಕೀಕರಣಗೊಂಡ ಭೂದಾಖಲೆಗಳು ಸುಮಾರು 2 ಕೋಟಿ. ಅವು ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದವು. ಇಷ್ಟು ದೊಡ್ಡ ಪ್ರಮಾಣದ ದಾಖಲೆಗಳು ಮುಂದಿನ ಪೀಳಿಗೆಯ ಸಾಧನಗಳಲ್ಲಿಯೂ ಓದಲು ಬರುವಂತಿರಬೇಕಾದರೆ ಮಾನಕ ಅಕ್ಷರಸಂಕೇತ ಎಷ್ಟು ಅಗತ್ಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

8. ವೆಚ್ಚದ ಲೆಕ್ಕ

ಫ್ಲ್ಯಾಶ್ ಪ್ಲೇಯರ್ ನೋಡುಗರಿಗೆ ಉಚಿತವಾಗಿತ್ತು. ಆದ್ದರಿಂದ ಅದರಿಂದ ಯಾವ ವೆಚ್ಚವೂ ಇಲ್ಲವೆಂದು ಭಾವಿಸಲಾಗಿತ್ತು. ಆದರೆ ಪ್ಲಗ್-ಇನ್ ನಿಂತಾಗ ಪಾಠವನ್ನು ಪುನಃ ರಚಿಸುವ, ಕಡತವನ್ನು ಪರಿವರ್ತಿಸುವ ಖರ್ಚು ಬರುತ್ತದೆ. ಇದು ಖರೀದಿಯ ದಿನ ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗದ ಹೊಣೆಗಾರಿಕೆ.

ಮುಕ್ತ ತಂತ್ರಾಂಶವೂ ವೆಚ್ಚರಹಿತವಲ್ಲ. ಪರವಾನಗಿ ಶುಲ್ಕವಿಲ್ಲದಿದ್ದರೂ ತರಬೇತಿ, ನಿರ್ವಹಣೆ, ಸುರಕ್ಷತಾ ಪರಿಷ್ಕರಣೆಗಳಿಗೆ ಹಣ ಮತ್ತು ಸಿಬ್ಬಂದಿ ಬೇಕು. ವ್ಯತ್ಯಾಸವೇನೆಂದರೆ, ಒಬ್ಬ ಸರಬರಾಜುದಾರರು ಸೇವೆ ನಿಲ್ಲಿಸಿದರೆ ಮತ್ತೊಬ್ಬರು ಅದನ್ನು ಮುಂದುವರಿಸಲು ಅವಕಾಶವಿರುತ್ತದೆ.

9. ನೀತಿ ಮತ್ತು ಇತಿಮಿತಿ

ಭಾರತ ಸರ್ಕಾರವು 2009ರಲ್ಲಿ ಇ-ಆಡಳಿತಕ್ಕೆ ಯೂನಿಕೋಡ್ ಮಾನಕವನ್ನು ಅಂಗೀಕರಿಸಿತು. 2010ರಲ್ಲಿ ಮುಕ್ತ ಮಾನಕಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆ ನೀತಿಯನ್ನೂ ಪ್ರಕಟಿಸಿತು.

ಇದರಿಂದ ಸಮಸ್ಯೆ ಮುಗಿಯಿತೆಂದು ತಿಳಿಯಬಾರದು. ಪ್ಲಗ್-ಇನ್‌ನ ಸ್ಥಾನವನ್ನು ಈಗ ಹಲವೆಡೆ ಆ್ಯಪ್‌ಗಳು ಆಕ್ರಮಿಸಿವೆ. ಆಂಡ್ರಾಯ್ಡ್‌ನ ತಳಹದಿ ಮುಕ್ತವಾಗಿದ್ದರೂ ಅದರೊಂದಿಗೆ ಬರುವ ಗೂಗಲ್ ಸೇವೆಗಳು ಸ್ವಾಮ್ಯಕ್ಕೆ ಒಳಪಟ್ಟಿವೆ. ಒಂದು ಸೇವೆಯು ಆ್ಯಪ್ ಮೂಲಕ ಮಾತ್ರ ದೊರೆಯುವುದಾದರೆ, ಹಳೆಯ ಟ್ಯಾಬ್ಲೆಟ್ ಇರುವವರು ಪುನಃ ಹೊರಗುಳಿಯುತ್ತಾರೆ. ಆದ್ದರಿಂದ ಸೇವೆಯು ಸರಳ ಅಂತರಜಾಲ ಪುಟದ ಮೂಲಕವೂ ದೊರೆಯುವುದು ಅಪೇಕ್ಷಣೀಯ.

10. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ಫ್ಲ್ಯಾಶ್ ಪ್ಲೇಯರ್ ಅಳವಡಿಸಿಕೊಳ್ಳುವಂತೆ ಸೂಚಿಸುವ ಪುಟಗಳನ್ನು ನಂಬಬಾರದು. ಅದರ ಬೆಂಬಲ 2020ರಲ್ಲಿಯೇ ಕೊನೆಗೊಂಡಿದ್ದು, ಆ ಹೆಸರಿನಲ್ಲಿ ಹಾನಿಕಾರಕ ತಂತ್ರಾಂಶ ಹರಡುವ ಸಂಭವವಿರುತ್ತದೆ.

(2) ಟ್ಯಾಬ್ಲೆಟ್ ಖರೀದಿಸುವಾಗ ಕಾರ್ಯಾಚರಣೆ ವ್ಯವಸ್ಥೆಯ ಆವೃತ್ತಿ ಯಾವುದು, ಎಷ್ಟು ವರ್ಷ ಸುರಕ್ಷತಾ ಪರಿಷ್ಕರಣೆ ದೊರೆಯುತ್ತದೆ ಎಂಬುದನ್ನು ವಿಚಾರಿಸತಕ್ಕದ್ದು.

(3) ಹಳೆಯ ನುಡಿ ಅಥವಾ ಬರಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಸೂಕ್ತ. ಪರಿವರ್ತನೆಯ ನಂತರ ಹೆಸರು, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡಬೇಕು. ಮೂಲ ಕಡತವನ್ನು ಅಳಿಸಬಾರದು.

(4) ಆ್ಯಪ್‌ಗಳನ್ನು ಅಧಿಕೃತ ಮಳಿಗೆಯಿಂದ, ಪ್ರಕಟಿಸಿದವರ ಹೆಸರನ್ನು ಪರಿಶೀಲಿಸಿದ ನಂತರವೇ ಪಡೆಯಬೇಕು.

(5) ಯಾವುದೇ ಸಾರ್ವಜನಿಕ ಸೇವೆಯ ಪುಟ ಟ್ಯಾಬ್ಲೆಟ್‌ನಲ್ಲಿ ತೆರೆಯದಿದ್ದಲ್ಲಿ, ಸಾಧನದ ಹೆಸರು ಮತ್ತು ಬ್ರೌಸರ್‌ನ ಆವೃತ್ತಿಯನ್ನು ನಮೂದಿಸಿ ಸಂಬಂಧಿಸಿದ ಕಚೇರಿಗೆ ಲಿಖಿತವಾಗಿ ತಿಳಿಸಬಹುದು. ಅಲ್ಲಿಯವರೆಗೆ ಅರ್ಜಿಯ ಗಡುವು ಮೀರದಂತೆ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ದಾಖಲೆ ನಾಗರಿಕರದು, ಅದನ್ನು ತೆರೆಯುವ ಸಾಧನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅವರಿಗೆ ಇರಬೇಕು. ಮುಕ್ತ ಮಾನಕಗಳ ಉದ್ದೇಶ ಇದೇ ಆಗಿದೆ.